ಪಾವೂರು ಉಳಿಯ: ಸೇತುವೆ ಬರುವ ಹೊತ್ತಿಗೆ ದ್ವೀಪ ಇರುತ್ತದಾ?

ನಮ್ಮ ಮನೆ ಕಟ್ಟುವಾಗ ಹೊಯ್ಗೆಯ ಲಾರಿ ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ. ಇನ್ನೂ ನೀರು ಸೋರುತ್ತಿದ್ದ ಹೊಯ್ಗೆಯನ್ನು ಅಂಗಳದ ಮೂಲೆಗೆ ಸುರಿದು, ಹತ್ತು ನಿಮಿಷದೊಳಗೆ ಹೊರಟುಬಿಡುತ್ತಿತ್ತು. ನಾನಾಗ ಹೈಸ್ಕೂಲು. "ಹಗಲು ಯಾಕೆ ಬರುವುದಿಲ್ಲ?" ಅಂತ ಕೇಳಿದ್ದಕ್ಕೆ ಅಪ್ಪ, "ಸಿಕ್ಕಿದ್ದೇ ದೊಡ್ಡದು, ಸುಮ್ಮನಿರು" ಅಂದಿದ್ದರು. ಎಲ್ಲಿಂದ ಬಂತು ಅಂದರೆ ಒಂದೇ ಉತ್ತರ, ನೇತ್ರಾವತಿಯಿಂದ. ಅಷ್ಟು ಉದ್ದದ ನದಿಯಲ್ಲಿ ಯಾವ ಜಾಗದಿಂದ ಅಂತ ನಾವ್ಯಾರೂ ಕೇಳಲಿಲ್ಲ.

ಹೊಯ್ಗೆ ಅಂದರೆ ನಮ್ಮ ಕಡೆ ಮರಳು. ಮಂಗಳೂರಿನಲ್ಲಿ ಹೊಯ್ಗೆ ಬಜಾರ್ ಅಂತ ಒಂದು ಪ್ರದೇಶವೇ ಇದೆ. ಈ ಊರಿಗೂ ಮರಳಿಗೂ ಇರುವ ನಂಟು ಎಷ್ಟು ಹಳೆಯದು ಅನ್ನುವುದಕ್ಕೆ ಆ ಹೆಸರು ಸಾಕು. ಆದರೆ ಈ ಲೇಖನ ಮರಳಿನ ನಡುವೆಯೇ ಮನೆ ಮಾಡಿಕೊಂಡವರ ಬಗ್ಗೆ. ನೇತ್ರಾವತಿಯ ಮಧ್ಯೆ, ಮಂಗಳೂರಿನ ಪಕ್ಕದಲ್ಲೇ, ಪಾವೂರು ಉಳಿಯ ಅನ್ನುವ ಸಣ್ಣ ದ್ವೀಪ ಇದೆ. ಕೆಲವೇ ಹತ್ತಾರು ಮನೆಗಳು, ತೆಂಗು, ತರಕಾರಿ, ದನಕರು. ಇಲ್ಲಿರುವವರಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಪತ್ರಿಕೆಯಲ್ಲಿ ಈ ದ್ವೀಪದ ಸುದ್ದಿ ವರ್ಷಕ್ಕೆ ಒಂದೆರಡು ಸಲ ಬರುತ್ತದೆ: ಮಳೆಗಾಲದಲ್ಲಿ ದೋಣಿಯ ಫೋಟೊ, ಬೇಸಿಗೆಯಲ್ಲಿ ತಾತ್ಕಾಲಿಕ ಸೇತುವೆಯ ಫೋಟೊ. ನಡುವೆ ಒಮ್ಮೊಮ್ಮೆ ಅಕ್ರಮ ಮರಳುಗಾರಿಕೆ ವಿರುದ್ಧದ ಪ್ರತಿಭಟನೆ.

ಈ ಮೂರೂ ಸುದ್ದಿಗಳನ್ನು ಬೇರೆ ಬೇರೆಯಾಗಿ ಓದಿ ನಮಗೆ ಅಭ್ಯಾಸ ಆಗಿದೆ. ಒಟ್ಟಿಗೆ ಓದಿದರೆ ಇದು "ದೂರದ, ಹಿಂದುಳಿದ ದ್ವೀಪದ ಜನರ ಗೋಳು" ಆಗಿ ಉಳಿಯುವುದಿಲ್ಲ. ಪಾವೂರು ಉಳಿಯ ಮಂಗಳೂರಿಗೆ ತೀರಾ ಹತ್ತಿರ ಇದೆ. ಅದರ ಕಷ್ಟ ಶುರುವಾಗುವುದೇ ಅಲ್ಲಿಂದ.

ಕುದ್ರು ಅಂದರೆ ಏನು?

ಕರಾವಳಿಯ ಹೊರಗಿನ ಓದುಗರಿಗಾಗಿ ಸ್ವಲ್ಪ ವಿವರ. ನದಿಯ ನಡುವಿನ ದ್ವೀಪಕ್ಕೆ ತುಳುವಿನಲ್ಲೂ ಕರಾವಳಿಯ ಕನ್ನಡದಲ್ಲೂ ಕುದ್ರು ಅನ್ನುತ್ತಾರೆ. ಉತ್ತರ ಕರ್ನಾಟಕದವರು ನಡುಗಡ್ಡೆ ಅನ್ನುವುದು ಇದನ್ನೇ. ಉಡುಪಿಯ ತಿಮ್ಮಣ್ಣಕುದ್ರುವಿಗೆ ಕೆಮ್ಮಣ್ಣಿನಿಂದ ಇರುವ ತೂಗುಸೇತುವೆಯಲ್ಲಿ ನಿಂತು ನಿಮ್ಮಲ್ಲಿ ಯಾರಾದರೂ ರೀಲ್ಸ್ ಮಾಡಿರಲೂಬಹುದು. ಕುಂದಾಪುರದ ಪಂಚಗಂಗಾವಳಿಯಲ್ಲೂ ಕುದ್ರುಗಳಿವೆ. 'ಉಳಿಯ' ಅನ್ನುವ ಹೆಸರು ಉಳ್ಳಾಲದ ಕಡೆ ನದಿಗೆ ತಾಗಿಕೊಂಡಿರುವ ಜಾಗಗಳಿಗೆ ಇದೆ.

ಪಶ್ಚಿಮಘಟ್ಟದ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ, ತುಂಬೆ ದಾಟಿ, ಉಳ್ಳಾಲದ ಅಳಿವೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಘಟ್ಟದಿಂದ ರಭಸದಲ್ಲಿ ಇಳಿದ ನೀರು ಸಮುದ್ರ ಹತ್ತಿರ ಆಗುತ್ತಿದ್ದಂತೆ ನಿಧಾನ ಆಗುತ್ತದೆ. ಕೆಳಗಿನಿಂದ ಉಬ್ಬರದ ನೀರು ತಳ್ಳುತ್ತದೆ. ಹೊತ್ತು ತಂದ ಮರಳು, ಮೆಕ್ಕಲು ಅಲ್ಲಲ್ಲಿ ಕೂರುತ್ತದೆ. ಕೂತ ದಿಬ್ಬದ ಮೇಲೆ ಹುಲ್ಲು, ಆಮೇಲೆ ಗಿಡ, ಆಮೇಲೆ ಮರ. ಬೇರು ಹಿಡಿದ ಮೇಲೆ ದಿಬ್ಬ ಗಟ್ಟಿಯಾಗುತ್ತದೆ. ಅಂದರೆ ಕುದ್ರುವಿಗೆ ಬಂಡೆಯ ಬುಡ ಇಲ್ಲ. ಅದು ನದಿ ಕೂಡಿಟ್ಟ ಮರಳು ಮತ್ತು ಮಣ್ಣು. ನದಿಯೇ ಕೂಡಿಟ್ಟಿದ್ದನ್ನು ನದಿಯೇ ವಾಪಸ್ ಕೇಳುವುದೂ ಉಂಟು. 1923 ಮತ್ತು 1974ರ ನೆರೆಗಳನ್ನು ಬಂಟ್ವಾಳ ಭಾಗದ ಹಿರಿಯರು ಈಗಲೂ ಕಾಲಗಣನೆಗೆ ಬಳಸುತ್ತಾರೆ, "ಆ ನೆರೆಗಿಂತ ಮೊದಲು", "ಆ ನೆರೆ ಆದ ಮೇಲೆ" ಅಂತ. ಹಾಗಿದ್ದೂ ಕುದ್ರುಗಳಲ್ಲಿ ಜನ ಬದುಕಿದರು. ಮೆಕ್ಕಲು ಮಣ್ಣಿನಲ್ಲಿ ಬೆಳೆ ಚೆನ್ನಾಗಿ ಬರುತ್ತದೆ. ನೆರೆ ಬಂದಾಗ ಮೇಲೆ ಹೋಗುವುದು, ಇಳಿದಾಗ ಮತ್ತೆ ಬಂದು ಬೇಸಾಯ ಹಿಡಿಯುವುದು ಅವರ ಲೆಕ್ಕಾಚಾರದೊಳಗೇ ಇತ್ತು.

ಎರಡು ದಡದ ನಡುವೆ

ಪಾವೂರು ನದಿಯ ದಕ್ಷಿಣ ದಡದ ಗ್ರಾಮ, ಈಗ ಉಳ್ಳಾಲ ತಾಲೂಕು. ಪಕ್ಕದ ಹರೇಕಳ ನಿಮಗೆ ಗೊತ್ತಿರುತ್ತದೆ, ಕಿತ್ತಳೆ ಮಾರಿ ಶಾಲೆ ಕಟ್ಟಿಸಿದ ಹಾಜಬ್ಬ ಅವರ ಊರು. ಉತ್ತರ ದಡದಲ್ಲಿ ಅಡ್ಯಾರ್. ಅಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ, ನಿಮಿಷಕ್ಕೊಂದು ಬಸ್ಸು, ಕಾಲೇಜು, ಆಸ್ಪತ್ರೆ. ಹಾಗಾಗಿ ದ್ವೀಪದವರ ಪಂಚಾಯತು ಒಂದು ದಡದಲ್ಲಿ, ಪೇಟೆ ಇನ್ನೊಂದು ದಡದಲ್ಲಿ. ಪಡಿತರ, ಪಹಣಿ, ವೋಟು ದಕ್ಷಿಣಕ್ಕೆ. ಶಾಲೆ, ಕೆಲಸ, ಬಸ್ಸು ಉತ್ತರಕ್ಕೆ. ಸೇತುವೆ ಯಾವ ಕಡೆಗೆ, ಯಾರ ಅನುದಾನದಲ್ಲಿ ಅನ್ನುವ ಪ್ರಶ್ನೆ ವರ್ಷಗಟ್ಟಲೆ ತೇಲಾಡಲು ಇಷ್ಟೇ ಸಾಕು.

ಸರಕಾರ ಕಟ್ಟಲಿಲ್ಲ ಅಂತ ಜನ ಕೈಕಟ್ಟಿ ಕೂತಿಲ್ಲ. ಮಳೆ ಮುಗಿದ ಮೇಲೆ ತಾವೇ ದುಡ್ಡು ಒಟ್ಟು ಮಾಡಿ, ತಾವೇ ನಿಂತು, ಅಡ್ಯಾರ್ ಕಡೆಗೆ ಕಬ್ಬಿಣ, ಮರದ ತಾತ್ಕಾಲಿಕ ಕಾಲುಸೇತುವೆ ಕಟ್ಟುತ್ತಾರೆ. ಮಳೆಗಾಲಕ್ಕೆ ಮೊದಲು ಬಿಚ್ಚುತ್ತಾರೆ, ಇಲ್ಲದಿದ್ದರೆ ನದಿ ಬಿಚ್ಚುತ್ತದೆ. ಮಳೆಗಾಲ ಪೂರ್ತಿ ದೋಣಿಯೇ ಗತಿ. ಇದನ್ನು "ಜನರ ಸ್ವಾವಲಂಬನೆ" ಅಂತ ಹೊಗಳುವ ವರದಿಗಳನ್ನು ನೋಡಿದಾಗೆಲ್ಲ ನನಗೆ ಕಿರಿಕಿರಿ ಆಗುತ್ತದೆ. ಪ್ರತಿ ವರ್ಷ ನಿಮ್ಮ ಮನೆಯ ರಸ್ತೆಯನ್ನು ನೀವೇ ಚಂದಾ ಎತ್ತಿ ಹಾಕಿ, ಆರು ತಿಂಗಳಿಗೆ ಕಿತ್ತು ಒಳಗಿಡಬೇಕಾಗಿ ಬಂದರೆ ಅದನ್ನು ಸ್ವಾವಲಂಬನೆ ಅನ್ನುತ್ತೀರಾ?

ನದಿ ದಾಟುವ ತಂತ್ರ ನಮಗೆ ಗೊತ್ತಿಲ್ಲ ಅಂತಲೂ ಹೇಳುವ ಹಾಗಿಲ್ಲ. ದೇಶದಾದ್ಯಂತ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದ ಗಿರೀಶ್ ಭಾರದ್ವಾಜ್ ಇದೇ ಜಿಲ್ಲೆಯ ಸುಳ್ಯದವರು. ಇದೇ ನದಿಗೆ ಅಡ್ಯಾರ್–ಹರೇಕಳದ ನಡುವೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಬಂತು, ಅದರ ಮೇಲೆ ವಾಹನ ಓಡಾಡುವ ಸೇತುವೆಯೂ ಬಂತು. ನೂರು ಕೋಟಿ ದಾಟಿದ ಯೋಜನೆ ಅದು. ಎರಡು ದಡದ ಸಾವಿರಾರು ಜನರಿಗೆ ಅದರಿಂದ ಒಳ್ಳೆಯದಾಗಿದೆ, ತಕರಾರಿಲ್ಲ. ಆದರೆ ಹತ್ತಾರು ಮನೆಯ ವೋಟಿನ ತೂಕ ಎಷ್ಟು ಅನ್ನುವುದಕ್ಕೂ ಅದೇ ಸೇತುವೆ ಸಾಕ್ಷಿ.

ಮರಳು ತೆಗೆದರೆ ದ್ವೀಪ ಯಾಕೆ ಕುಸಿಯುತ್ತದೆ?

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. "ನದಿಯ ನಡುವಿನಿಂದ ತೆಗೆದರೆ ದ್ವೀಪಕ್ಕೇನು? ಮುಂದಿನ ಮಳೆಗೆ ತುಂಬುತ್ತದಲ್ಲ?" ಅಂತ ಕೇಳುವವರು ಬಹಳ. ವಿದ್ಯಾವಂತರೇ ಕೇಳುತ್ತಾರೆ.

ನದಿಯ ತಳದಲ್ಲಿ ತೋಡಿದ ಗುಂಡಿ ತೋಡಿದ ಜಾಗದಲ್ಲೇ ಸುಮ್ಮನೆ ಕೂರುವುದಿಲ್ಲ. ಹರಿಯುವ ನೀರು ಆ ಗುಂಡಿಯನ್ನು ತುಂಬಲು ಸುತ್ತಲಿನ ಮರಳನ್ನು ಎಳೆಯುತ್ತದೆ. ಗುಂಡಿಯ ಅಂಚು ಮೇಲ್ಮುಖವಾಗಿ ಕುಸಿಯುತ್ತಾ ಹೋಗುತ್ತದೆ, ಪಕ್ಕಕ್ಕೂ ಹರಡುತ್ತದೆ. ಪಕ್ಕದಲ್ಲಿ ಬಂಡೆ ಇದ್ದರೆ ಅಲ್ಲಿಗೆ ನಿಂತೀತು. ಕುದ್ರುವಿನ ಪಕ್ಕದಲ್ಲಿ ತೋಡಿದರೆ ಸಿಗುವುದು ಕುದ್ರುವಿನದೇ ಮರಳು. ನೀರಿನ ಮೇಲೆ ನೋಡಿದರೆ ಏನೂ ಆಗಿರುವುದಿಲ್ಲ. ನೀರಿನ ಕೆಳಗೆ ದಡದ ಇಳಿಜಾರು ದಿನದಿಂದ ದಿನಕ್ಕೆ ಕಡಿದಾಗುತ್ತಿರುತ್ತದೆ. ಒಂದು ದಿನ ಅಂಚಿನ ತೆಂಗಿನ ಮರ ನದಿಯ ಕಡೆ ವಾಲುತ್ತದೆ. ಒಂದು ಮಳೆಗಾಲದ ನೆರೆಗೆ ಅದು ಬುಡದ ಮಣ್ಣನ್ನೂ ಕಟ್ಟಿಕೊಂಡು ಹೋಗುತ್ತದೆ. ಜನರಿಗೆ ಕಾಣುವುದು ಈ ಕೊನೆಯ ದೃಶ್ಯ. ಹಾಗಾಗಿ ಪಂಚನಾಮೆಯಲ್ಲಿ ಕಾರಣ "ಪ್ರವಾಹ" ಅಂತ ಬರೆಯುವುದು ಸುಲಭ.

ಮತ್ತೆ "ಮಳೆಗೆ ತುಂಬುತ್ತದೆ" ಅನ್ನುವ ಮಾತು. ಹಿಂದೆ ತುಂಬುತ್ತಿತ್ತು ಅನ್ನುವುದು ನಿಜ. ಈಗ ಮೇಲ್ಗಡೆ ಶಂಭೂರಿನಲ್ಲಿ ವಿದ್ಯುತ್ ಯೋಜನೆಯ ಅಣೆಕಟ್ಟು ಇದೆ, ತುಂಬೆಯಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ಕಿಂಡಿ ಅಣೆಕಟ್ಟು ಇದೆ. ಅಣೆಕಟ್ಟು ನೀರನ್ನು ಮಾತ್ರ ತಡೆಯುವುದಿಲ್ಲ, ಮರಳನ್ನೂ ತಡೆಯುತ್ತದೆ. ಕೆಳಗೆ ಬರುವ ನದಿ ಮರಳಿನ ಹಸಿವಿನಲ್ಲೇ ಬರುತ್ತದೆ. ಮೇಲಿನಿಂದ ಸಿಗದ್ದನ್ನು ಅದು ದಡದಿಂದ ತಿನ್ನುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ದೋಣಿಗಳು, ಯಂತ್ರಗಳು ತೆಗೆಯುತ್ತವೆ. ಎರಡೂ ಕಡೆಯಿಂದ ಖರ್ಚು, ಜಮೆ ಕಮ್ಮಿ.

ತಳ ಆಳವಾದರೆ ಇನ್ನೊಂದು ತೊಂದರೆ ಇದೆ, ಉಪ್ಪುನೀರು. ಉಬ್ಬರದ ನೀರು ಮೊದಲಿಗಿಂತ ಮೇಲಕ್ಕೆ ನುಗ್ಗುತ್ತದೆ. ದಡದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಕಾಣಿಸುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟು ಕಟ್ಟುತ್ತೇವೆ. ಅದಕ್ಕೂ ಕಾಂಕ್ರೀಟು ಬೇಕು, ಕಾಂಕ್ರೀಟಿಗೆ ಮರಳು ಬೇಕು. ನಗು ಬರುತ್ತದೆ, ಆದರೆ ಇದು ನಮ್ಮ ಅಭಿವೃದ್ಧಿಯ ನಿಜವಾದ ಲೆಕ್ಕ.

ಬೇಡಿಕೆ ಎಲ್ಲಿದೆ ಅಂತ ಹೇಳಬೇಕಾಗಿಲ್ಲ. 2011ರ ಜನಗಣತಿಯಲ್ಲೇ ಮಂಗಳೂರು ನಗರ ಮತ್ತು ಸುತ್ತಲಿನ ಪ್ರದೇಶದ ಜನಸಂಖ್ಯೆ 6.2 ಲಕ್ಷ ದಾಟಿತ್ತು. ಆಮೇಲೆ ಬಂದ ಅಪಾರ್ಟ್‌ಮೆಂಟುಗಳನ್ನು ನೀವೇ ನೋಡುತ್ತಿದ್ದೀರಿ. ಎಂ-ಸ್ಯಾಂಡ್ ಬಂದಿದೆ, ಆದರೂ ಗಾರೆ ಕೆಲಸಕ್ಕೆ "ನದಿ ಹೊಯ್ಗೆಯೇ ಬೇಕು" ಅನ್ನುವವರು ಕಮ್ಮಿಯಾಗಿಲ್ಲ. ಮರಳು ತೂಕದ ವಸ್ತು, ದೂರ ಸಾಗಿಸಿದಷ್ಟೂ ಬಾಡಿಗೆ ತಿನ್ನುತ್ತದೆ. ಆದ್ದರಿಂದ ನಗರಕ್ಕೆ ಅತಿ ಹತ್ತಿರದ, ಹೆದ್ದಾರಿಗೆ ತಾಗಿಕೊಂಡ ಮರಳಿಗೇ ಎಲ್ಲಕ್ಕಿಂತ ಹೆಚ್ಚು ಲಾಭ. ಭೂಪಟ ತೆಗೆದು ನೋಡಿ, ಪಾವೂರು ಉಳಿಯ ಎಲ್ಲಿದೆ ಅಂತ.

ಕಾನೂನು ಇಲ್ಲ ಅನ್ನಬೇಡಿ

ನಮ್ಮಲ್ಲಿ ಕಾನೂನಿಗೆ ಬರ ಇಲ್ಲ. ಮರಳು ಉಪಖನಿಜ. 1957ರ ಗಣಿ ಮತ್ತು ಖನಿಜ ಕಾಯ್ದೆ ಅದರ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಅಂತ ಹೇಳಿತು. 2014ರಲ್ಲಿ ಇನ್ನೊಂದು ತೀರ್ಪಿನಲ್ಲಿ, ನದಿಯಿಂದ ಅಕ್ರಮವಾಗಿ ಮರಳು ತೆಗೆದರೆ ಗಣಿ ಕಾಯ್ದೆಯ ಜೊತೆಗೆ ಕಳ್ಳತನದ ಕೇಸನ್ನೂ ಹಾಕಬಹುದು ಅಂತ ಸ್ಪಷ್ಟ ಮಾಡಿತು. ಕರಾವಳಿಯಲ್ಲಿ ಇನ್ನೊಂದು ಪದರ ಇದೆ. ಉಬ್ಬರ ಇಳಿತ ತಲುಪುವ ನದಿಭಾಗ ಸಿಆರ್‌ಝಡ್ ವ್ಯಾಪ್ತಿಗೆ ಬಂದರೆ ಅಲ್ಲಿ ಮರಳು ಗಣಿಗಾರಿಕೆಯೇ ನಿಷೇಧ. ಮೀನುಗಾರಿಕೆಗೆ, ದೋಣಿಗೆ ಅಡ್ಡಿಯಾಗುವ ಮರಳ ದಿಬ್ಬವನ್ನು ಸಾಂಪ್ರದಾಯಿಕ ಸಮುದಾಯದವರು ಕೈಯಿಂದ, ಯಂತ್ರ ಬಳಸದೆ ತೆಗೆಯಲು ಮಾತ್ರ ವಿನಾಯಿತಿ. ಸಿಆರ್‌ಝಡ್ ಮುಗಿದ ಕೂಡಲೇ ಬೇರೆ ನಿಯಮ, ಟೆಂಡರು, ಬ್ಲಾಕು. ಒಂದೇ ನದಿ, ಒಂದೇ ನೀರು, ಆದರೆ ಕಾಣದ ಒಂದು ಗೆರೆಯ ಆಚೆ ಈಚೆ ಎರಡು ಕಾನೂನು. ರಾತ್ರಿ ಹೊತ್ತು ದೋಣಿಯಲ್ಲಿ ಆ ಗೆರೆ ದಾಟಲು ಎಷ್ಟು ನಿಮಿಷ ಬೇಕು?

ಕೇಂದ್ರದ 2020ರ ಮಾರ್ಗಸೂಚಿ ಓದಲು ಚೆನ್ನಾಗಿದೆ. ದಡದಿಂದ ನದಿಯ ಅಗಲದ ಕಾಲು ಭಾಗದಷ್ಟು ದೂರ ಬಿಡಬೇಕು, ಅದು 7.5 ಮೀಟರಿಗಿಂತ ಕಮ್ಮಿ ಇರಬಾರದು. ರಾತ್ರಿಯ ಅಕ್ರಮ ಹಿಡಿಯಲು ಡ್ರೋನ್ ಬಳಸಿ ಅಂತಲೂ ಅದರಲ್ಲಿದೆ. ನನ್ನ ತಕರಾರು ಒಂದೇ. ಈ ನಿಯಮಗಳನ್ನು ಬರೆದವರ ಕಣ್ಣ ಮುಂದೆ ಎರಡು ದಡ, ನಡುವೆ ನೀರು ಇರುವ ನದಿ ಇದೆ. ನಡುವೆ ಮನೆ ಇರುವ ನದಿ ಅವರ ಕಣ್ಣ ಮುಂದೆ ಇದ್ದಂತೆ ಕಾಣುವುದಿಲ್ಲ. ಕುದ್ರು ಇರುವಲ್ಲಿ ನದಿ ಎರಡು ಸೀಳಾಗುತ್ತದೆ, ದಡ ನಾಲ್ಕಾಗುತ್ತದೆ. ಅಗಲ ಅಳೆಯುವುದು ಎಲ್ಲಿಂದ ಎಲ್ಲಿಗೆ? ದ್ವೀಪದ ಅಂಚು 'ದಡ'ವೋ, ನದಿಯೊಳಗಿನ 'ದಿಬ್ಬ'ವೋ? ಕುದ್ರುವಿನ ಅಂಚನ್ನು ದಡ ಅಂತಲೇ ಲೆಕ್ಕ ಹಾಕಬೇಕು, ಸೀಳಿನ ಅಗಲವನ್ನೇ ನದಿಯ ಅಗಲ ಅಂತ ಹಿಡಿಯಬೇಕು ಅನ್ನುವುದು ನನ್ನ ವಾದ. ಹಾಗೆ ಮಾಡಿದರೆ ಜನವಸತಿ ಇರುವ ಕುದ್ರುವಿನ ಸುತ್ತ ತೆಗೆಯಲು ಸಿಗುವ ಜಾಗ ತೀರಾ ಕಿರಿದಾಗುತ್ತದೆ. ಆಗಲಿ.

ಜಾರಿಯ ವಿಷಯಕ್ಕೆ ಬಂದರೆ ಇನ್ನೂ ಮಜಾ. ಪರ್ಮಿಟ್ ಗಣಿ ಇಲಾಖೆ ಕೊಡಬೇಕು, ಜಾಗ ಕಂದಾಯ ಇಲಾಖೆ ನೋಡಬೇಕು, ಲಾರಿಯನ್ನು ಪೊಲೀಸರು ಹಿಡಿಯಬೇಕು, ಸಿಆರ್‌ಝಡ್ ಅಂದರೆ ಅದಕ್ಕೆ ಬೇರೆ ಪ್ರಾಧಿಕಾರ. ದ್ವೀಪದ ಒಬ್ಬ ರೈತ ರಾತ್ರಿ ಹನ್ನೆರಡಕ್ಕೆ ದೋಣಿಯ ಸದ್ದು ಕೇಳಿ ಫೋನ್ ಮಾಡಬೇಕಾದ್ದು ಇವರಲ್ಲಿ ಯಾರಿಗೆ? ಫೋನ್ ಮಾಡಿದ ಮೇಲೆ, ಬೆಳಗ್ಗೆ ಅದೇ ನದಿ ದಾಟಿ ಅದೇ ಕಡವಿನಲ್ಲಿ ಅವನು ಇಳಿಯಬೇಕು. ದೂರು ಕೊಟ್ಟವರು ಯಾರು ಅನ್ನುವುದು ಹತ್ತಾರು ಮನೆಯ ಊರಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ಒಂದು ಸೆಂಟ್ಸಿಗೆ 190 ರೂಪಾಯಿ

ಕುಸಿದ ಜಾಗಕ್ಕೆ ಪರಿಹಾರ? ನದಿಯ ಪಾಲಾದ ಜಾಗ ಪಹಣಿಯಿಂದ ತಾನಾಗಿ ಕಳಚಿಕೊಳ್ಳುವುದಿಲ್ಲ. ಕಾಗದದಲ್ಲಿ ಸೆಂಟ್ಸ್ ಅಷ್ಟೇ ಇರುತ್ತದೆ, ಸ್ಥಳದಲ್ಲಿ ನೀರು ಇರುತ್ತದೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022–26ರ ಮಾನದಂಡದಲ್ಲಿ ಭೂಕುಸಿತ, ನದಿ ದಿಕ್ಕು ಬದಲಾಯಿಸಿದ್ದು ಮುಂತಾದ ಕಾರಣಕ್ಕೆ ಭೂಮಿಯ ಬಹುಭಾಗ ಕಳೆದುಕೊಂಡ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂಪಾಯಿ. ಒಂದು ಹೆಕ್ಟೇರು ಅಂದರೆ 247 ಸೆಂಟ್ಸ್. ಭಾಗಿಸಿ ನೋಡಿ, ಸೆಂಟ್ಸಿಗೆ 190 ರೂಪಾಯಿ ಚಿಲ್ಲರೆ. ಮಂಗಳೂರಿನ ಸಾಧಾರಣ ಹೋಟೆಲಿನಲ್ಲಿ ಇಬ್ಬರು ಊಟ ಮಾಡಿ ಎದ್ದರೆ ಮುಗಿಯಿತು. ಅದೂ ಸಿಗುವುದು ಪ್ರಕೃತಿ ವಿಕೋಪ ಅಂತ ಒಪ್ಪಿದರೆ. ಪಕ್ಕದಲ್ಲಿ ಮರಳು ತೋಡಿದ್ದರಿಂದ ಕುಸಿಯಿತು ಅಂತ ರೈತ ನಿಜ ಹೇಳಿದರೆ ಅದು ವಿಕೋಪ ಅಲ್ಲ, ಅಪರಾಧ. ಅಪರಾಧ ಅಂದರೆ ಸಾಬೀತು ಮಾಡಬೇಕು. ಸುಳ್ಳು ಹೇಳಿದರೆ ಪುಡಿಗಾಸು, ನಿಜ ಹೇಳಿದರೆ ಅದೂ ಇಲ್ಲ.

ಮಂಗಳೂರಿನಲ್ಲಿ ಈ ವಿಷಯ ಯಾರ ಹತ್ತಿರ ಎತ್ತಿದರೂ ನನಗೆ ಬರುವ ಮರುಪ್ರಶ್ನೆ ಒಂದೇ: "ಎಂತ ಮಾರಾಯ್ರೆ, ಅಷ್ಟು ಕಷ್ಟ ಆದ್ರೆ ಅವರು ಎದ್ದು ಈಚೆ ಬರಬಾರದಾ?" ಕೆಲವರು ಬಂದಿದ್ದಾರೆ ಕೂಡ. ಮಕ್ಕಳ ಓದಿಗೆ, ವಯಸ್ಸಾದವರ ಆಸ್ಪತ್ರೆಗೆ ಅಂತ ದಡಕ್ಕೆ ಬರುವುದು ಸಹಜ. ಆದರೆ ಬರಬೇಕಾದರೆ ಈಚೆ ಜಾಗ ಬೇಕು. ಅಡ್ಯಾರ್ ಸುತ್ತ ಜಾಗದ ರೇಟು ಇರುವುದು ಸೆಂಟ್ಸಿಗೆ ಲಕ್ಷದ ಲೆಕ್ಕದಲ್ಲಿ. ದ್ವೀಪದ ಜಾಗ ಮಾರೋಣ ಅಂದರೆ ಸೇತುವೆ ಇಲ್ಲದ, ಕುಸಿಯುತ್ತಿರುವ ಜಾಗವನ್ನು ಕೊಳ್ಳುವವರು ಯಾರು? ಹಾಗೊಂದು ವೇಳೆ ಕೊಳ್ಳಲು ಬಂದರೆ, ಅವರಿಗೆ ಮೇಲಿನ ತೋಟ ಬೇಕೋ ಕೆಳಗಿನ ಹೊಯ್ಗೆ ಬೇಕೋ ಅಂತ ಅನುಮಾನ ಪಡಬೇಕಾಗುತ್ತದೆ. ಒಂದೊಂದು ಮನೆ ಖಾಲಿಯಾದಂತೆ ರಾತ್ರಿ ದೋಣಿಯ ಸದ್ದು ಕೇಳಿಸಿಕೊಳ್ಳುವ ಕಿವಿಯೂ ಒಂದೊಂದೇ ಕಮ್ಮಿ.

ಹಾಗಾಗಿಯೇ "ಸೇತುವೆ ಕಟ್ಟಿಕೊಡಿ" ಅನ್ನುವ ಬೇಡಿಕೆಗೆ ನನ್ನ ಪೂರ್ತಿ ಬೆಂಬಲ ಇದ್ದರೂ, ಅದನ್ನು ಮಾತ್ರ ಎತ್ತಿ ಹಿಡಿಯುವ ರಾಜಕಾರಣಿಗಳನ್ನು ಕಂಡರೆ ಸಂಶಯ. ಸೇತುವೆಗೆ ಶಂಕುಸ್ಥಾಪನೆ, ಫ್ಲೆಕ್ಸು, ಹಾರ ಎಲ್ಲ ಇರುತ್ತದೆ. ರಾತ್ರಿ ದೋಣಿ ನಿಲ್ಲಿಸುವುದಕ್ಕೆ ಫ್ಲೆಕ್ಸ್ ಹಾಕಲು ಆಗುವುದಿಲ್ಲ, ಬದಲಿಗೆ ಸ್ವಂತ ಪಕ್ಷದ ಯಾರಿಗೋ ಸಿಟ್ಟು ಬರುತ್ತದೆ. ಈ ದಂಧೆಗೆ ಪಕ್ಷಭೇದ ಇಲ್ಲ ಅನ್ನುವುದು ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು.

ಕೇಳಬೇಕಾದ ಕೆಲವು ಪ್ರಶ್ನೆಗಳು

ಇದನ್ನು ಓದುವ ನೀವು ಕಾನೂನು ಓದುತ್ತಿರಬಹುದು, ಪತ್ರಿಕೋದ್ಯಮ ಓದುತ್ತಿರಬಹುದು, ಸಂಘಟನೆಯಲ್ಲಿರಬಹುದು. ಮಾಡಲು ಸಾಧ್ಯ ಇರುವ ಒಂದು ಕೆಲಸ ಹೇಳ್ತೀನಿ. 2016ರ ಜನವರಿ 15ರ ಕೇಂದ್ರ ಅಧಿಸೂಚನೆಯ ಪ್ರಕಾರ ಪ್ರತಿ ಜಿಲ್ಲೆಗೂ ಮರಳಿನ ಜಿಲ್ಲಾ ಸಮೀಕ್ಷಾ ವರದಿ ಇರಬೇಕು. ಎಲ್ಲಿ ಎಷ್ಟು ಮರಳಿದೆ, ಎಲ್ಲಿ ತೆಗೆಯಬಾರದು ಅನ್ನುವ ಲೆಕ್ಕ ಅದರಲ್ಲಿರಬೇಕು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಜಮ್ಮು ಕಾಶ್ಮೀರದ ಒಂದು ಪ್ರಕರಣದಲ್ಲಿ, ತೆಗೆದ ಮರಳು ವರ್ಷಕ್ಕೆ ಎಷ್ಟು ಮರುಪೂರಣ ಆಗುತ್ತದೆ ಅನ್ನುವ ಅಧ್ಯಯನ ಇಲ್ಲದ ಸಮೀಕ್ಷಾ ವರದಿಯ ಮೇಲೆ ಪರಿಸರ ಅನುಮತಿ ಕೊಡುವಂತಿಲ್ಲ ಅಂತ ಹೇಳಿದೆ. "ಮಳೆಗೆ ತುಂಬುತ್ತದೆ" ಅನ್ನುವ ಮಾತು ಇನ್ನು ಬಾಯಿಮಾತಿನಲ್ಲಿ ಸಾಲದು, ಅಳತೆ ತೋರಿಸಬೇಕು.

ಆದ್ದರಿಂದ ದಕ್ಷಿಣ ಕನ್ನಡ ಜಿಲ್ಲೆಯ ಸಮೀಕ್ಷಾ ವರದಿಯ ಪ್ರತಿ ಕೇಳಿ. ನೇತ್ರಾವತಿಯ ಮರುಪೂರಣ ಅಧ್ಯಯನ ಯಾವ ವರ್ಷದ್ದು, ಯಾವ ತಿಂಗಳಲ್ಲಿ ಅಳೆದದ್ದು ಅಂತ ಕೇಳಿ. ಶಂಭೂರು ಮತ್ತು ತುಂಬೆಯ ಅಣೆಕಟ್ಟುಗಳು ತಡೆಹಿಡಿದ ಮರಳನ್ನು ಆ ಲೆಕ್ಕದಲ್ಲಿ ಕಳೆದಿದ್ದಾರಾ ಕೇಳಿ. ನಕ್ಷೆಯಲ್ಲಿ ಪಾವೂರು ಉಳಿಯವನ್ನು ಜನವಸತಿ ಅಂತ ಗುರುತಿಸಿದ್ದಾರೋ ಬರೀ ದಿಬ್ಬ ಅಂತಲೋ, ಅದನ್ನಂತೂ ಬಿಡದೆ ಕೇಳಿ. ಜೊತೆಗೆ ಹಳೆಯ ಸರ್ವೆ ನಕ್ಷೆ ತೆಗೆಸಿ, ಈಗಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿ. ದ್ವೀಪ ಎಷ್ಟು ಕರಗಿದೆ ಅನ್ನುವುದಕ್ಕೆ ಯಾರ ಹೇಳಿಕೆಯೂ ಬೇಕಾಗುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ನಾನು ನನ್ನದನ್ನು ಕಳೆದ ವಾರ ಅಂಚೆಗೆ ಹಾಕಿದೆ.